ಬೂದಿ ಮುಚ್ಚಿದ ಕೆಂಡ: ಮಕ್ಕಳ ಬೊಜ್ಜಿನ ಒಳಗೆ ನಡೆಯೋದೇನು?

(ಪಾಡ್‌ಕಾಸ್ಟ್ ಸಂಚಿಕೆಯ ಲಿಖಿತ ರೂಪ. ಮಾತಿನ ಧಾಟಿ ಹಾಗೇ ಉಳಿಸಿಕೊಂಡು, ಓದಲಿಕ್ಕೆ ಅನುಕೂಲವಾಗುವಷ್ಟು ಮಾತ್ರ ತಿದ್ದಲಾಗಿದೆ.)

ಇವತ್ತಿನ ವಿಷಯದ ಹೆಸರು ಸ್ವಲ್ಪ ಭಾರ ಇದೆ: ಮಕ್ಕಳ ಬೊಜ್ಜು, ಅದರೊಳಗಿನ ಉರಿಯೂತ, ಆ ಉರಿಯೂತದ ಸ್ವಿಚ್ಚು ಹಾಕೋ-ತೆಗೆಯೋ ಎಪಿಜೆನೆಟಿಕ್ಸ್. ಹೆಸರು ಕೇಳಿ ಸ್ಕಿಪ್ ಮಾಡಬೇಡಿ. ನಿಮ್ಮ ತಮ್ಮನೋ, ಅಕ್ಕನ ಮಗಳೋ, ಪಕ್ಕದ ಮನೆ ಹುಡುಗನೋ, ಅವರದೇ ಕಥೆ ಇದು.

"ಹುಡುಗ ಎಷ್ಟ ಗುಂಡಗ ಅದಾನ, ಮೊದಲ ದೃಷ್ಟಿ ತಗೀರಿ." "ಇನ್ನಾ ಸಣ್ಣಾಂವ ಅದಾನ, ಉದ್ದ ಬೆಳದ ಮ್ಯಾಲೆ ಎಲ್ಲಾ ಕರಗತೈತಿ." ಬೆಳಗಾವಿ ಕಡೆ ಬೆಳೆದವರು ಈ ಎರಡು ಮಾತು ಕೇಳದೇ ಇರೋಕೆ ಸಾಧ್ಯವೇ ಇಲ್ಲ. ಮೊದಲನೇದು ಪ್ರೀತಿ. ಎರಡನೇದು ಸಮಾಧಾನ. ಎರಡನೇ ಮಾತು ಎಷ್ಟು ನಿಜ ಅನ್ನೋದನ್ನ ಇವತ್ತು ನೋಡೋಣ.

ಇಬ್ಬರು ಮಕ್ಕಳನ್ನ ಊಹಿಸಿಕೊಳ್ಳಿ. ಒಬ್ಬ ಬೆಳಗಾವಿ ಟಿಳಕವಾಡಿಯವನು, ಹತ್ತು ವರ್ಷ. ಸ್ಕೂಲಿಗೆ ವ್ಯಾನು, ಸ್ಕೂಲಿಂದ ಟ್ಯೂಷನ್ನು, ಟ್ಯೂಷನ್ ಮುಗಿದ ಮೇಲೆ ಒಂದು ವಡಾಪಾವ್, ಮನೆಗೆ ಬಂದು ಮೊಬೈಲು. ಹುಟ್ಟಿದಾಗಿಂದಲೂ ದುಂಡಗಿದ್ದಾನೆ. ಇನ್ನೊಬ್ಬ ಅಲ್ಲಿಂದ 25–30 ಕಿಲೋಮೀಟರ್ ಆಚೆ, ಖಾನಾಪುರ ತಾಲೂಕಿನ ಒಂದು ಹಳ್ಳಿಯವನು. ಹುಟ್ಟಿದಾಗ ತೂಕ 2.3 ಕಿಲೋ. ಸಣಕಲ. ಕೈಕಾಲು ಇನ್ನೂ ಕಡ್ಡಿ, ಆದರೆ ಹೊಟ್ಟೆ ಮಾತ್ರ ಈಚೆಗೆ ಸ್ವಲ್ಪ ಮುಂದೆ ಬಂದಿದೆ. ಸರ್ಕಾರದ ಲೆಕ್ಕದಲ್ಲಿ ಒಬ್ಬ 'ಅತಿಪೋಷಣೆ', ಇನ್ನೊಬ್ಬ 'ಅಪೌಷ್ಟಿಕತೆ'. ಎರಡು ಬೇರೆ ಬೇರೆ ಫೈಲು. ಆದರೆ ದೇಹದೊಳಗೆ ಇಣುಕಿ ನೋಡಿದರೆ ಇವರಿಬ್ಬರೂ ಒಂದೇ ಫೈಲಿನಲ್ಲಿ ಇರಬಹುದು. ಅದು ಹೇಗೆ ಅನ್ನೋದಕ್ಕೆ ಮೊದಲು ಕೊಬ್ಬಿನಿಂದ ಶುರು ಮಾಡಬೇಕು.

ಕೊಬ್ಬು ಅಂದ್ರೆ ನಾವು ಅಂದುಕೊಂಡಿರೋದು ಗೋದಾಮು. ಹೆಚ್ಚಾಗಿದ್ದನ್ನ ಚೀಲದಲ್ಲಿ ತುಂಬಿಡೋ ಜಾಗ. ವಿಜ್ಞಾನಿಗಳೂ ಬಹಳ ಕಾಲ ಹಾಗೇ ಅಂದುಕೊಂಡಿದ್ದರು. 1993ರಲ್ಲಿ ಅಮೆರಿಕದಲ್ಲಿ ಗೋಖಾನ್ ಹೊತಾಮಿಸ್ಲಿಗಿಲ್ ಮತ್ತು ಸಂಗಡಿಗರು ಬೊಜ್ಜಿದ್ದ ಇಲಿಗಳ ಕೊಬ್ಬನ್ನ ಪರೀಕ್ಷೆ ಮಾಡಿದಾಗ ಅದರಲ್ಲಿ ಟಿಎನ್‌ಎಫ್ ಆಲ್ಫಾ ಅನ್ನೋ ವಸ್ತು ತಯಾರಾಗ್ತಿತ್ತು. ಇದು ಗಾಯ ಆದಾಗ, ಸೋಂಕು ಬಂದಾಗ ರೋಗನಿರೋಧಕ ಕೋಶಗಳು ಹೊಡೆಯೋ ಎಚ್ಚರಿಕೆ ಗಂಟೆ. ಗಾಯವೂ ಇಲ್ಲ, ಜ್ವರವೂ ಇಲ್ಲ, ಆದರೂ ಕೊಬ್ಬಿನೊಳಗೆ ಗಂಟೆ ಹೊಡೀತಾ ಇದೆ. ಆ ಗಂಟೆಯ ಸದ್ದಿಗೆ ಇನ್ಸುಲಿನ್ ಮಾತು ದೇಹಕ್ಕೆ ಸರಿಯಾಗಿ ಕೇಳಿಸ್ತಿಲ್ಲ. ಸಕ್ಕರೆ ಕಾಯಿಲೆಗೂ ಬೊಜ್ಜಿಗೂ ನಡುವಿನ ಒಂದು ದಾರಿ ಅಲ್ಲಿ ಸಿಕ್ಕಿತು.

ಗಂಟೆ ಹೊಡೀತಿರೋದು ಯಾರು? ಅದಕ್ಕೆ ಉತ್ತರ ಬಂದಿದ್ದು 2003ರಲ್ಲಿ. ಬೊಜ್ಜು ಹೆಚ್ಚಾದ ಹಾಗೆ ಕೊಬ್ಬಿನೊಳಗೆ ಮ್ಯಾಕ್ರೋಫೇಜ್ ಅನ್ನೋ ರೋಗನಿರೋಧಕ ಕೋಶಗಳು ಬಂದು ಠಿಕಾಣಿ ಹೂಡ್ತಾವೆ ಅಂತ ಎರಡು ತಂಡಗಳು ಒಂದೇ ವರ್ಷ ತೋರಿಸಿದವು. ಕೊಬ್ಬಿನ ಕೋಶ ತನ್ನ ಮಿತಿ ಮೀರಿ ಉಬ್ಬಿದಾಗ ಅದಕ್ಕೆ ರಕ್ತ, ಆಮ್ಲಜನಕ ಸಾಲೋದಿಲ್ಲ. ಕೆಲವು ಸಾಯ್ತಾವೆ. ಸತ್ತದ್ದನ್ನ ಸ್ವಚ್ಛ ಮಾಡೋಕೆ ಬಂದ ಮ್ಯಾಕ್ರೋಫೇಜ್‌ಗಳು ಅದರ ಸುತ್ತ ಕಿರೀಟದ ಹಾಗೆ ಕೂರ್ತಾವೆ, ಕೂತಲ್ಲಿಂದ ಟಿಎನ್‌ಎಫ್, ಐಎಲ್-6 ಮುಂತಾದ ರಾಸಾಯನಿಕ ಬಿಡ್ತಾವೆ. ಐಎಲ್-6 ಯಕೃತ್ತಿಗೆ ಹೋದರೆ ಅಲ್ಲಿ ಸಿಆರ್‌ಪಿ ತಯಾರಾಗ್ತದೆ. ಡಾಕ್ಟರು ಜ್ವರ ಬಂದಾಗ ಬರೆದುಕೊಡೋ ಅದೇ ಸಿಆರ್‌ಪಿ.

ಬೆರಳು ಕೊಯ್ದಾಗ ಬರೋ ಊತ ಮೂರು ದಿನಕ್ಕೆ ಇಳೀತದೆ. ಅದು ಉರಿಯೋ ಬೆಂಕಿ, ಕೆಲಸ ಮುಗಿಸಿ ಆರ್ತದೆ. ಕೊಬ್ಬಿನೊಳಗಿನದು ಬೂದಿ ಮುಚ್ಚಿದ ಕೆಂಡ. ಮುಟ್ಟಿದರೆ ಬಿಸಿ ಗೊತ್ತಾಗಲ್ಲ, ಹುಡುಗ ಆಟ ಆಡ್ತಾನೆ, ಊಟ ಮಾಡ್ತಾನೆ, ಏನೂ ನೋವಿಲ್ಲ. ಆದರೆ ಕೆಂಡ ವರ್ಷಗಟ್ಟಲೆ ಇರ್ತದೆ. ಇದು ದೊಡ್ಡವರಲ್ಲಿ ಮಾತ್ರ ಅಲ್ಲ, ಬೊಜ್ಜಿರೋ ಶಾಲಾ ಮಕ್ಕಳ ರಕ್ತದಲ್ಲೂ ಸಿಆರ್‌ಪಿ ಮತ್ತು ಐಎಲ್-6 ತೆಳ್ಳಗಿನ ಮಕ್ಕಳಿಗಿಂತ ಹೆಚ್ಚಿರ್ತದೆ ಅನ್ನೋದು ಅನೇಕ ದೇಶಗಳ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡಿದೆ.

ಇದು ಎಷ್ಟು ಮಕ್ಕಳ ವಿಷಯ? 2024ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂದ ಜಾಗತಿಕ ಅಂದಾಜಿನ ಪ್ರಕಾರ ಭಾರತದಲ್ಲಿ 5ರಿಂದ 19 ವರ್ಷದೊಳಗಿನ ಬೊಜ್ಜಿನ ಮಕ್ಕಳು 1990ರಲ್ಲಿ ಸುಮಾರು 4 ಲಕ್ಷ. 2022ರಲ್ಲಿ ಸುಮಾರು 1 ಕೋಟಿ 25 ಲಕ್ಷ. ಮೂವತ್ತೆರಡು ವರ್ಷದಲ್ಲಿ ನಮ್ಮ ಜೀನ್‌ಗಳು ಬದಲಾಗಲಿಕ್ಕೆ ಸಾಧ್ಯ ಇಲ್ಲ. ಬದಲಾಗಿದ್ದು ಊಟ, ಓಡಾಟ, ನಿದ್ದೆ. ಹಾಗಾದರೆ ಬದಲಾಗದ ಜೀನ್‌ಗಳಿಗೆ ಬದಲಾದ ಜಗತ್ತಿನ ಸುದ್ದಿ ಮುಟ್ಟಿಸೋದು ಯಾರು?

ಇಲ್ಲಿ ಬರ್ತದೆ ಎಪಿಜೆನೆಟಿಕ್ಸ್. ಈ ಪದವನ್ನ 1942ರಲ್ಲೇ ಕಾನ್ರಾಡ್ ವಾಡಿಂಗ್ಟನ್ ಅನ್ನೋ ಬ್ರಿಟಿಷ್ ವಿಜ್ಞಾನಿ ಬಳಸಿದ್ದ. ನಿಮ್ಮ ಫೋನಿಗೆ ಹೋಲಿಸಿದರೆ ಸುಲಭ. ಫೋನಿನಲ್ಲಿ ನೂರು ಆ್ಯಪ್ ಇರ್ತಾವೆ. ಎಲ್ಲಾದರ ನೋಟಿಫಿಕೇಶನ್ ಆನ್ ಇಟ್ಟರೆ ತಲೆ ಕೆಡ್ತದೆ. ಅದಕ್ಕೆ ಕೆಲವನ್ನ ಮ್ಯೂಟ್ ಮಾಡ್ತೀರಿ. ಆ್ಯಪ್ ಡಿಲೀಟ್ ಆಗಿಲ್ಲ, ಕೋಡ್ ಬದಲಾಗಿಲ್ಲ, ಸದ್ದು ಮಾತ್ರ ನಿಂತಿದೆ. ಕಣ್ಣಿನ ಕೋಶದಲ್ಲೂ ಕರುಳಿನ ಕೋಶದಲ್ಲೂ ಇರೋದು ಒಂದೇ ಡಿಎನ್‌ಎ. ಯಾವುದು ಮ್ಯೂಟ್, ಯಾವುದು ಆನ್ ಅನ್ನೋ ಸೆಟ್ಟಿಂಗ್ಸ್ ಮಾತ್ರ ಬೇರೆ.

ಮ್ಯೂಟ್ ಬಟನ್ ಅಂದ್ರೆ ಮೀಥೈಲ್ ಅನ್ನೋ ಪುಟಾಣಿ ಗುಂಪು. ಒಂದು ಕಾರ್ಬನ್, ಮೂರು ಹೈಡ್ರೋಜನ್, ಅಷ್ಟೇ. ಜೀನ್‌ ಶುರುವಾಗೋ ಜಾಗದಲ್ಲಿ ಇವು ಸಾಲಾಗಿ ಅಂಟಿಕೊಂಡರೆ ಸಾಮಾನ್ಯವಾಗಿ ಆ ಜೀನ್ ಸುಮ್ಮನಾಗ್ತದೆ. ಕಿತ್ತುಬಂದರೆ ಮಾತಾಡಲಿಕ್ಕೆ ಶುರು ಮಾಡ್ತದೆ.

ಎರಡನೇ ವ್ಯವಸ್ಥೆ ಮಡಚೋದು. ಒಂದು ಕೋಶದೊಳಗಿನ ಡಿಎನ್‌ಎ ಬಿಚ್ಚಿ ಎಳೆದರೆ ಸುಮಾರು ಎರಡು ಮೀಟರ್ ಉದ್ದ. ಅದನ್ನ ಹಿಸ್ಟೋನ್ ಅನ್ನೋ ಪ್ರೋಟೀನ್ ಉಂಡೆಗಳಿಗೆ ಸುತ್ತಿ ಸುತ್ತಿ ಇಟ್ಟಿರ್ತದೆ. ಅಜ್ಜಿಯ ಟ್ರಂಕಿನಲ್ಲಿ ಶಹಾಪುರದ ಸೀರೆಗಳನ್ನ ಮಡಚಿ ಇಟ್ಟ ಹಾಗೆ ಅಂದುಕೊಳ್ಳಿ. ಗಟ್ಟಿಯಾಗಿ ಮಡಚಿ ತಳದಲ್ಲಿಟ್ಟ ಸೀರೆ ಇದ್ದೂ ಇಲ್ಲದ ಹಾಗೆ. ಮೇಲೆ ಸಡಿಲವಾಗಿಟ್ಟಿದ್ದು ಹಬ್ಬ ಬಂದ ಕೂಡಲೇ ಕೈಗೆ ಸಿಗ್ತದೆ. ಅಸಿಟೈಲ್ ಅನ್ನೋ ಗುಂಪು ಬಂದು ಹಿಸ್ಟೋನ್‌ಗೆ ಅಂಟಿದರೆ ಮಡಿಕೆ ಸಡಿಲ ಆಗ್ತದೆ. ಮೂರನೇದು ಮೈಕ್ರೋ ಆರ್‌ಎನ್‌ಎ. ಹೋಟೆಲಿನಲ್ಲಿ ಮಾಣಿ ಬರೆದ ಆರ್ಡರ್ ಚೀಟಿ ಅಡುಗೆಮನೆ ತಲುಪೋದರೊಳಗೆ ಯಾರೋ ಹರಿದು ಹಾಕಿದರೆ ದೋಸೆ ಬರಲ್ಲ ನೋಡಿ, ಅದೇ ಕೆಲಸ ಇದರದ್ದು.

ಈಗ ಈ ಮೂರನ್ನೂ ಕೆಂಡದ ಹತ್ತಿರ ತನ್ನಿ. ಮ್ಯಾಕ್ರೋಫೇಜ್‌ ಒಳಗೆ ಎನ್‌ಎಫ್ ಕಪ್ಪಾ ಬಿ ಅನ್ನೋ ಒಬ್ಬ ಮೇಸ್ತ್ರಿ ಇದ್ದಾನೆ. ಅಪಾಯದ ಸುದ್ದಿ ಬಂದರೆ ಇವನು ನೇರ ಡಿಎನ್‌ಎ ಹತ್ತಿರ ಹೋಗಿ, ಅಸಿಟೈಲ್ ಅಂಟಿಸೋ ಕೆಲಸಗಾರರನ್ನ ಕರೆದು, ಟಿಎನ್‌ಎಫ್, ಐಎಲ್-6 ಜೀನ್‌ಗಳ ಮಡಿಕೆ ಬಿಚ್ಚಿಸ್ತಾನೆ. ಆ ಜೀನ್‌ಗಳು ಕೆಲಸ ಶುರು ಮಾಡ್ತಾವೆ. ಇದಕ್ಕೆ ಬ್ರೇಕ್ ಕೂಡ ಇದೆ. ಅದೇ ಮೇಸ್ತ್ರಿ ಮಿರ್-146ಎ ಅನ್ನೋ ಮೈಕ್ರೋ ಆರ್‌ಎನ್‌ಎಯನ್ನೂ ಎಬ್ಬಿಸ್ತಾನೆ, ಅದು ಅವನಿಗೇ ಸುದ್ದಿ ತರೋ ದಾರಿಯ ಚೀಟಿಗಳನ್ನ ಹರಿದು ಹಾಕ್ತದೆ. ಗಾಯ ಆದಾಗ ಇದೆಲ್ಲ ಸರಿಯಾಗಿ ನಡೀತದೆ: ಏಳ್ತದೆ, ಇಳೀತದೆ. ಬೊಜ್ಜಿನಲ್ಲಿ ಸುದ್ದಿ ನಿಲ್ಲೋದೇ ಇಲ್ಲ. ದಿನಾ ಹಬ್ಬ ಇರೋ ಮನೆಯಲ್ಲಿ ಟ್ರಂಕ್ ಮುಚ್ಚೋದು ಯಾವಾಗ?

ಮುಚ್ಚಿದ ಮೇಲೂ ಸೀರೆ ಮೊದಲಿನ ಹಾಗೆ ತಳಕ್ಕೆ ಹೋಗಲ್ಲ ಅನ್ನೋದು 2018ರ ಒಂದು ಪ್ರಯೋಗದಲ್ಲಿ ಕಂಡಿತು. ಇಲಿಗಳಿಗೆ ನಾಲ್ಕು ವಾರ ಕೊಬ್ಬು ಹೆಚ್ಚಿರೋ, ನಾರು ಕಡಿಮೆ ಇರೋ ಪಾಶ್ಚಾತ್ಯ ಶೈಲಿಯ ಆಹಾರ ಕೊಟ್ಟರು. ಉರಿಯೂತ ಏರಿತು. ಮತ್ತೆ ಮಾಮೂಲಿ ಆಹಾರಕ್ಕೆ ತಂದರು, ರಕ್ತದಲ್ಲಿನ ಉರಿಯೂತ ಇಳಿದೂ ಹೋಯ್ತು. ಆದರೆ ಅವುಗಳ ರೋಗನಿರೋಧಕ ಕೋಶಗಳು ಒಳಗೊಳಗೇ ಬದಲಾಗಿದ್ದವು. ಮುಂದೆ ಸಣ್ಣ ಕಾರಣ ಸಿಕ್ಕರೂ ದೊಡ್ಡದಾಗಿ ಸಿಡೀತಿದ್ದವು. ಒಮ್ಮೆ ಜಗಳ ಆಡಿದವರು ಮುಂದೆ ಸಣ್ಣ ಮಾತಿಗೂ ಸಿಡಿದ ಹಾಗೆ. ಇಲಿ ಅಂದ್ರೆ ಇಲಿ, ಮಗು ಅಲ್ಲ, ಅದನ್ನ ಮರೀಬೇಡಿ.

ಬೆಳಗಾವಿ ಹುಡುಗನ ಕಥೆ ಇಷ್ಟು. ಈಗ ಖಾನಾಪುರಕ್ಕೆ ಹೋಗೋಣ. ಅಲ್ಲಿಗೆ ಹೋಗೋ ದಾರಿ ಪುಣೆ ಮತ್ತು ಮೈಸೂರಿನ ಮೇಲೆ ಹಾದು ಹೋಗ್ತದೆ, ಸ್ವಲ್ಪ ಸುತ್ತು, ಆದರೆ ಬೇರೆ ದಾರಿ ಇಲ್ಲ.

ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ 1993ರಲ್ಲಿ ಸುತ್ತಲಿನ ಹಳ್ಳಿಗಳ ಗರ್ಭಿಣಿಯರನ್ನ ಗಮನಿಸೋ ಅಧ್ಯಯನ ಶುರು ಮಾಡಿದರು. ಅಲ್ಲಿ ಹುಟ್ಟಿದ ಕೂಸುಗಳ ಸರಾಸರಿ ತೂಕ ಸುಮಾರು 2.7 ಕಿಲೋ, ಇಂಗ್ಲೆಂಡಿನ ಸೌತಾಂಪ್ಟನ್ ಕೂಸುಗಳದ್ದು ಸುಮಾರು 3.5 ಕಿಲೋ. ಅಷ್ಟು ಸಣ್ಣ ಕೂಸಲ್ಲಿ ಸ್ನಾಯು ಕಡಿಮೆ, ಅಂಗಗಳು ಚಿಕ್ಕವು. ಆದರೆ ಚರ್ಮದಡಿಯ ಕೊಬ್ಬು ಮಾತ್ರ ಅಷ್ಟೇನೂ ಕಡಿಮೆ ಆಗಿರಲಿಲ್ಲ. ನೋಡೋಕೆ ಸಣ್ಣ, ಒಳಗೆ ಕೊಬ್ಬು. ಯಾಜ್ಞಿಕ್ ತಮ್ಮ ಮೇಲೇ ಇದನ್ನ ತೋರಿಸಿದ ಒಂದು ಫೋಟೋ ಬಹಳ ಪ್ರಸಿದ್ಧ. 2004ರಲ್ಲಿ 'ಲ್ಯಾನ್ಸೆಟ್'ನಲ್ಲಿ ಬಂತು. ಅವರೂ, ಲಂಡನ್ನಿನ ಗೆಳೆಯ ಜಾನ್ ಯಡ್ಕಿನ್ ಅನ್ನೋ ವೈದ್ಯರೂ ಪಕ್ಕ ಪಕ್ಕ ನಿಂತಿದ್ದಾರೆ. ಇಬ್ಬರ ಬಿಎಂಐ 22.3. ಒಂದೇ. ಕೊಬ್ಬು ಅಳೆದರೆ ಯಡ್ಕಿನ್ ದೇಹದಲ್ಲಿ ಶೇ. 9.1, ಯಾಜ್ಞಿಕ್ ದೇಹದಲ್ಲಿ ಶೇ. 21.2. ನಮ್ಮಲ್ಲಿ ತೂಕದ ಕಾಟಾ ಪೂರ್ತಿ ನಿಜ ಹೇಳಲ್ಲ ಅನ್ನೋದಕ್ಕೆ ಇದಕ್ಕಿಂತ ಚೆಂದದ ಸಾಕ್ಷಿ ನಾನಂತೂ ನೋಡಿಲ್ಲ.

ಮೈಸೂರಿನ ಕಥೆ ಇನ್ನೂ ಹಳೇದು. ಅಲ್ಲಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆ, ಹಳಬರ ಬಾಯಲ್ಲಿ ಮಿಷನ್ ಆಸ್ಪತ್ರೆ, 1934ರಿಂದ ಹುಟ್ಟಿದ ಕೂಸುಗಳ ತೂಕ-ಉದ್ದ ಬರೆದಿಟ್ಟಿತ್ತು. ದಶಕಗಳ ನಂತರ ಅದೇ ಕೂಸುಗಳನ್ನ, ಈಗ ನಡುವಯಸ್ಸು ದಾಟಿದವರನ್ನ, ಹುಡುಕಿ ಪರೀಕ್ಷೆ ಮಾಡಿದರು. ಸಣ್ಣದಾಗಿ ಹುಟ್ಟಿದವರಲ್ಲಿ ಹೃದಯದ ಕಾಯಿಲೆ ಹೆಚ್ಚಿತ್ತು ಅಂತ 1996ರಲ್ಲಿ ವರದಿ ಬಂತು. ಅದೇ ಆಸ್ಪತ್ರೆಯಲ್ಲಿ 1997–98ರಲ್ಲಿ ಗರ್ಭಿಣಿಯರನ್ನ ಸೇರಿಸಿಕೊಂಡು 'ಪಾರ್ಥೆನಾನ್' ಅನ್ನೋ ಹೊಸ ಅಧ್ಯಯನ ಶುರುವಾಯ್ತು. ಡಾ. ಜಿ.ವಿ. ಕೃಷ್ಣವೇಣಿ, ಡಾ. ಕ್ಯಾರೊಲಿನ್ ಫಾಲ್ ಇದರ ಹಿಂದಿನ ಹೆಸರುಗಳು. ಗರ್ಭಿಣಿಯಾಗಿದ್ದಾಗ ಸಕ್ಕರೆ ಕಾಯಿಲೆ ಬಂದ ತಾಯಂದಿರ ಮಕ್ಕಳಲ್ಲಿ ಒಂಬತ್ತೂವರೆ ವರ್ಷಕ್ಕೆ ಕೊಬ್ಬು ಹೆಚ್ಚು, ಇನ್ಸುಲಿನ್‌ಗೆ ಪ್ರತಿರೋಧ ಹೆಚ್ಚು. ಮತ್ತೊಂದು ಸಂಗತಿ: ಆ ಅಧ್ಯಯನದ ತಾಯಂದಿರಲ್ಲಿ ಶೇ. 43ರಷ್ಟು ಮಂದಿಗೆ ವಿಟಮಿನ್ ಬಿ12 ಕಡಿಮೆ ಇತ್ತು.

ಈ ಬಿ12 ಯಾಕೆ ಮುಖ್ಯ ಗೊತ್ತಾ? ಮೊದಲು ಹೇಳಿದ ಮೀಥೈಲ್ ಬಟನ್‌ಗಳು ಆಕಾಶದಿಂದ ಬೀಳಲ್ಲ, ತಟ್ಟೆಯಿಂದ ಬರ್ತಾವೆ. ಫೋಲೇಟ್ ಸಿಗೋದು ಸೊಪ್ಪು, ಕಾಳುಗಳಲ್ಲಿ. ಬಿ12 ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದಲ್ಲಿ. ಇವೆರಡೂ ಜೋಡೆತ್ತು. ಒಂದು ಎಳೆದು ಇನ್ನೊಂದು ನಿಂತರೆ ಗಾಡಿ ಓರೆ ಆಗ್ತದೆ. ಪುಣೆಯಲ್ಲಿ ಕಂಡಿದ್ದೂ ಅದೇ. ಫೋಲೇಟ್ ಹೆಚ್ಚು, ಬಿ12 ಕಡಿಮೆ ಇದ್ದ ತಾಯಂದಿರ ಮಕ್ಕಳಲ್ಲಿ ಆರು ವರ್ಷಕ್ಕೇ ಇನ್ಸುಲಿನ್ ಪ್ರತಿರೋಧ ಎದ್ದು ಕಾಣ್ತಿತ್ತು. ಹೊಟ್ಟೆಯೊಳಗಿನ ಕೂಸು ಕೊರತೆಗೆ ತಕ್ಕ ಹಾಗೆ ತನ್ನ ಸೆಟ್ಟಿಂಗ್ಸ್ ಇಟ್ಟುಕೊಳ್ತದೆ, ಆಮೇಲೆ ಹೊರಗೆ ಬಿಸ್ಕೀಟು, ಚಿಪ್ಸು, ಕೂಲ್‌ಡ್ರಿಂಕ್ಸಿನ ಜಗತ್ತು ಸಿಗ್ತದೆ ಅನ್ನೋದು ವಿಜ್ಞಾನಿಗಳ ವಾದ. ಸಣ್ಣದಾಗಿ ಹುಟ್ಟಿ ಆಮೇಲೆ ಬೇಗ ಬೇಗ ತೂಕ ಏರಿದ ಮಗುವಿಗೆ ಅಪಾಯ ಹೆಚ್ಚು.

ಖಾನಾಪುರ ತಾಲೂಕು ಅಂದ್ರೆ ಖಾನಾಪುರ ಪೇಟೆ ಮಾತ್ರ ಅಲ್ಲ. ಮಲಪ್ರಭೆ ಹುಟ್ಟೋ ಕಣಕುಂಬಿ ಇದೆ, ಭೀಮಗಡದ ಕಾಡೊಳಗಿನ ಆಮಗಾಂವ, ಗವಾಳಿ ಇದೆ. ಮಳೆಗಾಲದಲ್ಲಿ ಆ ಕಡೆ ರಸ್ತೆ ಅನ್ನೋದೇ ದೊಡ್ಡ ಮಾತು. ಗರ್ಭಿಣಿಯರಿಗೆ ಅಂಗನವಾಡಿಯಲ್ಲಿ ಬಿಸಿ ಊಟ ಕೊಡೋ ಮಾತೃಪೂರ್ಣ ಯೋಜನೆ 2017ರ ಅಕ್ಟೋಬರ್ 2ರಿಂದ ರಾಜ್ಯದ ತುಂಬ ಇದೆ. ಒಳ್ಳೇ ಯೋಜನೆ. ಆದರೆ ತುಂಬಿದ ಹಳ್ಳ ದಾಟಿ ಊಟಕ್ಕೆ ಬರಬೇಕಾದ ಬಸುರಿಗೆ ಅದು ಎಷ್ಟು ದಿನ ಸಿಕ್ಕೀತು ಅಂತ ಬೆಂಗಳೂರಿನ ಫೈಲು ಕೇಳೋದಿಲ್ಲ. ಅಲ್ಲಿ ಬಸುರಿಯ ತಟ್ಟೆ ತುಂಬಿಸೋದೂ ಮಕ್ಕಳ ಬೊಜ್ಜು ತಡೆಯೋ ಕೆಲಸವೇ ಅಂತ ನಾನು ಲೆಕ್ಕ ಹಾಕ್ತೀನಿ.

ಈ ವಿಷಯದಲ್ಲಿ ಬೆಳಗಾವಿಯ ಹೆಸರು ಜಗತ್ತಿಗೆ ಗೊತ್ತಾಗಿದ್ದು ಬೇರೆ ಒಂದು ಅಧ್ಯಯನದಿಂದ. ನೆಹರು ನಗರದಲ್ಲಿರೋ ಕೆಎಲ್ಇ ಸಂಸ್ಥೆಯ ಜವಾಹರಲಾಲ್ ನೆಹರು ಮೆಡಿಕಲ್ ಕಾಲೇಜು, ನಾವೆಲ್ಲ ಜೆಎನ್ಎಂಸಿ ಅನ್ನೋದು, 'ವಿಮೆನ್ ಫಸ್ಟ್' ಅನ್ನೋ ಅಂತಾರಾಷ್ಟ್ರೀಯ ಪ್ರಯೋಗದ ಭಾರತದ ಕೇಂದ್ರ ಆಗಿತ್ತು. ಉಳಿದವು ಕಾಂಗೊ, ಗ್ವಾಟೆಮಾಲಾ, ಪಾಕಿಸ್ತಾನ. ಹಳ್ಳಿಯ ಹೆಣ್ಣುಮಕ್ಕಳನ್ನ ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಗರ್ಭ ನಿಲ್ಲೋಕೆ ಕನಿಷ್ಠ ಮೂರು ತಿಂಗಳು ಮೊದಲಿಂದಲೇ ದಿನಕ್ಕೊಂದು ಪೌಷ್ಟಿಕ ಪೇಸ್ಟಿನ ಪೊಟ್ಟಣ. ಇನ್ನೊಂದಕ್ಕೆ ಮೂರು ತಿಂಗಳು ತುಂಬೋ ಹೊತ್ತಿಗೆ ಶುರು. ಮೂರನೇ ಗುಂಪಿಗೆ ಪೊಟ್ಟಣ ಇಲ್ಲ. 2020ರಲ್ಲಿ ಜೆಎನ್ಎಂಸಿಯ ಡಾ. ಸಂಗಪ್ಪ ಧಡೇದ್ ಮತ್ತು ಸಂಗಡಿಗರು ಭಾರತ-ಪಾಕಿಸ್ತಾನದ ಫಲಿತಾಂಶ ಪ್ರಕಟಿಸಿದರು: ಗರ್ಭಕ್ಕೆ ಮೊದಲೇ ಪೋಷಣೆ ಶುರುವಾದಲ್ಲಿ ಕೂಸುಗಳ ಉದ್ದ ಹೆಚ್ಚಿತ್ತು, ಕುಂಠಿತ ಬೆಳವಣಿಗೆ, ಸಣಕಲುತನ ಕಡಿಮೆ ಇತ್ತು. ಆ ಅಧ್ಯಯನ ಅಳೆದಿದ್ದು ಕೂಸಿನ ಬೆಳವಣಿಗೆಯನ್ನ, ಬೊಜ್ಜನ್ನಲ್ಲ. ಆದರೆ ಸ್ವಿಚ್ಚುಗಳು ಯಾವಾಗ ಹಾಕಲ್ಪಡ್ತಾವೋ ಆ ಹೊತ್ತಿಗೆ ನೇರ ಕೈ ಹಾಕಿದ ಕೆಲಸ ಅದು. ಮದುವೆಯಾದ ಮೇಲೆ ಬಸುರಿ ಆಗೋವರೆಗೂ ಹುಡುಗಿಯ ಊಟ ಯಾರೂ ವಿಚಾರಿಸಲ್ಲ ಅನ್ನೋ ನಮ್ಮ ಮನೆಗಳಿಗೆ ಅದು ನೇರ ಮಾತು.

ಇಲ್ಲಿಗೆ ಬಂದ ಕೂಡಲೇ ಒಂದು ಅಪಾಯ ಇದೆ. "ಹಂಗಾದ್ರ ಎಲ್ಲಾ ಅವ್ವಂದs ತಪ್ಪು" ಅಂತ ಯಾರೋ ಅಂದುಬಿಡ್ತಾರೆ. ಅತ್ತೆಗೆ ಒಂದು ಹೊಸ ಅಸ್ತ್ರ ಸಿಕ್ಕ ಹಾಗೆ. ಅದಕ್ಕೇ ಈ ಭಾಗ ಗಮನವಿಟ್ಟು ಕೇಳಿ.

ಬೊಜ್ಜಿರೋರ ಡಿಎನ್‌ಎ ಮೇಲೆ ಬೇರೆ ಥರದ ಗುರುತುಗಳಿವೆ ಅಂತ ಗೊತ್ತಾಯ್ತು, ಸರಿ. ಆದರೆ ಗುರುತು ಮೊದಲೋ ಬೊಜ್ಜು ಮೊದಲೋ? 2017ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಒಂದು ದೊಡ್ಡ ಅಧ್ಯಯನ ಬಂತು. ಯುರೋಪಿನವರು ಮತ್ತು ಲಂಡನ್ನಿನಲ್ಲಿ ನೆಲೆಸಿದ ಭಾರತೀಯ ಮೂಲದವರು ಸೇರಿ ಸುಮಾರು 10 ಸಾವಿರ ಮಂದಿ. ಬಿಎಂಐ ಜೊತೆ ನಂಟಿರೋ 187 ಜಾಗಗಳು ಡಿಎನ್‌ಎ ಮೇಲೆ ಸಿಕ್ಕವು. ಮುಖ್ಯ ಮಾತು ಏನಂದ್ರೆ, ಆ ಗುರುತುಗಳಲ್ಲಿ ಬಹುಪಾಲು ಬೊಜ್ಜಿನ ಕಾರಣ ಅಲ್ಲ, ಬೊಜ್ಜಿನ ಪರಿಣಾಮ. ಮಕ್ಕಳಲ್ಲೂ ಇದೇ ಥರ. ಎಚ್‌ಐಎಫ್-3ಎ ಅನ್ನೋ ಜೀನ್ ಮೇಲಿನ ಗುರುತಿಗೂ ಬಿಎಂಐಗೂ ನಂಟಿದೆ ಅಂತ 2014ರಲ್ಲಿ ಸುದ್ದಿ ಆಗಿತ್ತು. ಎರಡು ವರ್ಷ ಬಿಟ್ಟು ಇಂಗ್ಲೆಂಡಿನ ಬ್ರಿಸ್ಟಲ್ ಮಕ್ಕಳ ಮೇಲೆ ಪರೀಕ್ಷಿಸಿದಾಗ ಗಾಳಿ ಬೀಸೋ ದಿಕ್ಕು ಕಂಡಿತು: ತೂಕ ಹೆಚ್ಚಿದ್ದಕ್ಕೇ ಗುರುತು ಬದಲಾಗಿದೆ. ಅಂದ್ರೆ ಇವು ಹಣೆಬರಹಕ್ಕಿಂತ ಹೆಚ್ಚಾಗಿ ಹೆಜ್ಜೆಗುರುತು. ಕೆಸರಲ್ಲಿ ಎಮ್ಮೆ ಹೋದ ಗುರುತು ಇದೆ ಅಂತ ಎಮ್ಮೆಯನ್ನ ಗುರುತೇ ಹಡೆಯಿತು ಅನ್ನೋಕಾಗಲ್ಲ. ಹಾಗಂತ ಹೆಜ್ಜೆಗುರುತು ದಂಡ ಅಲ್ಲ. ಯಾರಿಗೆ ಮುಂದೆ ಸಕ್ಕರೆ ಕಾಯಿಲೆ ಬರೋ ಸಾಧ್ಯತೆ ಹೆಚ್ಚು ಅಂತ ಆ 187 ಜಾಗಗಳು ಸುಳಿವು ಕೊಟ್ಟವು.

ತಾಯಿಯ ಊಟ ಮಗುವಿನ ಗುರುತನ್ನ ಬದಲಿಸ್ತದೆ ಅನ್ನೋದಕ್ಕೂ ಸಾಕ್ಷಿ ಎಲ್ಲ ಕಡೆ ಒಂದೇ ಥರ ಇಲ್ಲ. ಇಲಿಗಳಲ್ಲಿ 2003ರಲ್ಲೇ ಅದ್ಭುತವಾಗಿ ಕಂಡಿತ್ತು: ಮೀಥೈಲ್ ಹೆಚ್ಚಿರೋ ಆಹಾರ ತಿಂದ ತಾಯಿಗೆ ಹಳದಿ, ದಪ್ಪ ಮರಿಗಳ ಬದಲು ಕಂದು, ತೆಳ್ಳಗಿನ ಮರಿಗಳು ಹೆಚ್ಚಾಗಿ ಹುಟ್ಟಿದವು. ಹಾಲೆಂಡಿನಲ್ಲಿ 1944–45ರ ಬರಗಾಲದಲ್ಲಿ ಗರ್ಭದಲ್ಲಿದ್ದವರ ಡಿಎನ್‌ಎ ಮೇಲೆ ಆರು ದಶಕ ಕಳೆದ ಮೇಲೂ ಗುರುತು ಸಿಕ್ಕಿತು. ಆದರೆ ಮುಂಬೈ ಮತ್ತು ಗ್ಯಾಂಬಿಯಾದ ತಾಯಂದಿರಿಗೆ ಗರ್ಭಕ್ಕೆ ಮೊದಲಿಂದ ಪೌಷ್ಟಿಕಾಂಶ ಕೊಟ್ಟು, ಅವರ ಮಕ್ಕಳ ಡಿಎನ್‌ಎ ನೋಡಿದ 'ಎಂಫಸಿಸ್' ಅಧ್ಯಯನದಲ್ಲಿ ಗ್ಯಾಂಬಿಯಾದ ಮಕ್ಕಳಲ್ಲಿ ಕೆಲವು ಬದಲಾವಣೆ ಕಂಡವೇ ಹೊರತು ಮುಂಬೈ ಮಕ್ಕಳಲ್ಲಿ ಹಾಗೆ ಕಾಣಲಿಲ್ಲ. ಇಷ್ಟು ಗೋಜಲಿರೋ ವಿಷಯ ಹಿಡಿದು ಒಬ್ಬ ತಾಯಿಯನ್ನ ಕಟಕಟೆಯಲ್ಲಿ ನಿಲ್ಲಿಸೋದು ವಿಜ್ಞಾನ ಅಲ್ಲ. "ಮಗುವಿನ ಎಪಿಜೆನೆಟಿಕ್ ಟೆಸ್ಟ್ ಮಾಡಿಸಿ, ಬೊಜ್ಜು ಬರುತ್ತಾ ಹೇಳ್ತೀವಿ" ಅಂತ ಯಾರಾದರೂ ಪ್ಯಾಕೇಜ್ ಮಾರಿದರೆ ಆ ದುಡ್ಡಲ್ಲಿ ಮಗುವಿಗೆ ಸೈಕಲ್ ಕೊಡಿಸಿ.

ಹಾಗಾದರೆ "ಬೆಳದ ಮ್ಯಾಲೆ ಕರಗತೈತಿ" ಅನ್ನೋ ಮಾತು? ಎರಡು ಅಧ್ಯಯನ ಹೇಳಿ ಮುಂದೆ ಹೋಗ್ತೀನಿ. 2008ರಲ್ಲಿ ಸ್ವೀಡನ್ನಿನವರು ಕೊಬ್ಬಿನ ಕೋಶಗಳ ವಯಸ್ಸು ಲೆಕ್ಕ ಹಾಕಿದರು. ಹೇಗೆ ಅಂತೀರಾ? ಐವತ್ತು-ಅರವತ್ತರ ದಶಕದ ಅಣುಬಾಂಬ್ ಪರೀಕ್ಷೆಗಳು ಗಾಳಿಗೆ ಸೇರಿಸಿದ ಕಾರ್ಬನ್-14 ಬಳಸಿ! ಕೊಬ್ಬಿನ ಕೋಶಗಳ ಸಂಖ್ಯೆ ಬಾಲ್ಯ, ಹದಿಹರೆಯದಲ್ಲೇ ತೀರ್ಮಾನ ಆಗ್ತದೆ. ಆಮೇಲೆ ತೂಕ ಇಳಿಸಿದರೂ ಕೋಶ ಸಣ್ಣದಾಗ್ತದೆ, ಸಂಖ್ಯೆ ಕಡಿಮೆ ಆಗಲ್ಲ. ಇನ್ನೊಂದು 2024ರದ್ದು, ಸ್ವಿಟ್ಜರ್ಲೆಂಡಿನ ತಂಡದ್ದು. ಶಸ್ತ್ರಚಿಕಿತ್ಸೆಯಿಂದ ಬಹಳ ತೂಕ ಇಳಿಸಿದವರ ಕೊಬ್ಬಿನಲ್ಲಿ ಎರಡು ವರ್ಷದ ನಂತರವೂ ಎಷ್ಟೋ ಜೀನ್‌ಗಳು ಬೊಜ್ಜಿನ ಕಾಲದ ಹಾಗೇ ವರ್ತಿಸ್ತಿದ್ದವು. ಇಲಿಗಳಲ್ಲಿ ಅದಕ್ಕೆ ಕಾರಣವಾದ ಎಪಿಜೆನೆಟಿಕ್ ಗುರುತುಗಳೇ ಸಿಕ್ಕವು, ಮತ್ತೆ ಎಣ್ಣೆಕೊಬ್ಬಿನ ಆಹಾರ ಕೊಟ್ಟಾಗ ಆ ಇಲಿಗಳು ಬೇರೆಯವಕ್ಕಿಂತ ಬೇಗ ದಪ್ಪ ಆದವು. ಡಯಟ್ ಬಿಟ್ಟ ಕೂಡಲೇ ತೂಕ ವಾಪಸ್ ಬರೋದನ್ನ ನಾವು 'ಮನಸ್ಸು ಗಟ್ಟಿ ಇಲ್ಲ' ಅಂತ ಬೈತೀವಲ್ಲ, ಅದು ಮನಸ್ಸಿನ ಕಥೆ ಮಾತ್ರ ಅಲ್ಲ.

ಮನೆಯಲ್ಲಿ ಏನು ನೋಡಬಹುದು? ಮೊದಲು ಕುತ್ತಿಗೆ. ದಪ್ಪ ಇರೋ ಎಷ್ಟೋ ಮಕ್ಕಳ ಕುತ್ತಿಗೆ ಹಿಂದೆ, ಕಂಕುಳಲ್ಲಿ ಚರ್ಮ ಕಪ್ಪಾಗಿ ದಪ್ಪ ಆಗಿರ್ತದೆ. ಸರಿಯಾಗಿ ಸ್ನಾನ ಮಾಡಲ್ಲ ಅಂತ ಬೈದು, ಕಡ್ಲೆಹಿಟ್ಟು ಹಾಕಿ, ಕಲ್ಲು ಹಿಡಿದು ತಿಕ್ಕೋ ಅವ್ವಂದಿರಿದ್ದಾರೆ. ಅದು ಕೊಳೆ ಅಲ್ಲ. ರಕ್ತದಲ್ಲಿ ಇನ್ಸುಲಿನ್ ಹೆಚ್ಚಾದಾಗ ಚರ್ಮ ಹಾಗೆ ಬೆಳೀತದೆ. ತಿಕ್ಕಿದರೆ ಗಾಯ ಆಗೋದು ಅಷ್ಟೇ. ಅದನ್ನ ಕಂಡರೆ ಮಕ್ಕಳ ಡಾಕ್ಟರ ಹತ್ತಿರ ಹೋಗಿ.

ಆಮೇಲೆ ಒಂದು ದಾರ ತಗೊಳ್ಳಿ. ಮಗುವಿನ ಎತ್ತರದಷ್ಟು ಉದ್ದಕ್ಕೆ ಕತ್ತರಿಸಿ, ಅರ್ಧಕ್ಕೆ ಮಡಚಿ ಸೊಂಟಕ್ಕೆ ಸುತ್ತಿ. ಎರಡು ತುದಿ ಕೂಡಲಿಲ್ಲ ಅಂದ್ರೆ ಸೊಂಟ ಎತ್ತರದ ಅರ್ಧಕ್ಕಿಂತ ಹೆಚ್ಚಿದೆ, ಹೊಟ್ಟೆಯ ಕೊಬ್ಬು ಹೆಚ್ಚಿರೋ ಸೂಚನೆ ಅದು. ಖಾನಾಪುರದ ಕಡ್ಡಿ ಕೈಕಾಲಿನ ಹುಡುಗನನ್ನ ತಕ್ಕಡಿ ಪಾಸ್ ಮಾಡ್ತದೆ, ಈ ದಾರ ಹಿಡಿದುಬಿಡ್ತದೆ. ಡಾಕ್ಟರ ಹತ್ತಿರ ಭಾರತೀಯ ಮಕ್ಕಳಿಗೇ ಅಂತ ಇಂಡಿಯನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ 2015ರಲ್ಲಿ ತಂದ ಚಾರ್ಟ್ ಇರ್ತದೆ. ನಮ್ಮಲ್ಲಿ ಕಡಿಮೆ ತೂಕಕ್ಕೇ ಕೊಬ್ಬು ಹೆಚ್ಚು ಅನ್ನೋ ಕಾರಣಕ್ಕೆ ಅದರಲ್ಲಿ ಎಚ್ಚರಿಕೆ ಗೆರೆಗಳನ್ನ ಕೆಳಗೆ ಇಳಿಸಿದ್ದಾರೆ: ದೊಡ್ಡವರ ಬಿಎಂಐ 23ಕ್ಕೆ ಸಮ ಆದರೆ ಅತಿತೂಕ, 27ಕ್ಕೆ ಸಮ ಆದರೆ ಬೊಜ್ಜು. ಸಿಆರ್‌ಪಿ ಟೆಸ್ಟ್ ನೀವಾಗಿಯೇ ಮಾಡಿಸಬೇಡಿ, ನೆಗಡಿ ಆದರೂ ಏರ್ತದೆ ಅದು.

ಕೆಂಡಕ್ಕೆ ಗಾಳಿ ಹಾಕದೇ ಇರೋದು ಹೇಗೆ ಅನ್ನೋದಕ್ಕೆ ಮದ್ದಿನ ಪುಡಿ ಇಲ್ಲ. ಒಂದು ಸಂಗತಿ ಮಾತ್ರ ನನಗೆ ಬಹಳ ಹಿಡಿಸಿದ್ದು. ಜೋಳದ ರೊಟ್ಟಿ, ಹೆಸರುಕಾಳು, ಮಡಿಕೆಕಾಳು, ಸೊಪ್ಪಿನ ನಾರು ದೊಡ್ಡ ಕರುಳಿಗೆ ಹೋದಾಗ ಅಲ್ಲಿನ ಬ್ಯಾಕ್ಟೀರಿಯಾ ಅದನ್ನ ಹುದುಗಿಸಿ ಬ್ಯುಟಿರೇಟ್ ಅನ್ನೋ ವಸ್ತು ಮಾಡ್ತಾವೆ. ಈ ಬ್ಯುಟಿರೇಟ್ ಹಿಸ್ಟೋನ್ ಮೇಲಿನ ಅಸಿಟೈಲ್ ಕೀಳೋ ಕಿಣ್ವಗಳನ್ನ ತಡೀತದೆ, ಉರಿಯೂತ ತಣ್ಣಗಿಡೋ ರೋಗನಿರೋಧಕ ಕೋಶಗಳು ಬೆಳೆಯೋಕೆ ನೆರವಾಗ್ತದೆ ಅಂತ ಪ್ರಯೋಗಾಲಯದಲ್ಲಿ ಕಂಡಿದೆ. ಅಂದ್ರೆ ರೊಟ್ಟಿ-ಕಾಳುಪಲ್ಯ ಅಕ್ಷರಶಃ ಆ ಟ್ರಂಕಿನ ಮಡಿಕೆಗಳ ಹತ್ತಿರ ಹೋಗಿ ಕೆಲಸ ಮಾಡೋ ಊಟ. ಟಿಫಿನ್ ಬಾಕ್ಸಿನಲ್ಲಿ ರೊಟ್ಟಿ ಒಯ್ಯೋಕೆ ನಾಚಿಕೆ ಪಡೋ ತಮ್ಮನಿಗೆ ಇದನ್ನ ಹೇಳಿ ನೋಡಿ. ಕೇಳ್ತಾನೆ ಅನ್ನೋ ಗ್ಯಾರಂಟಿ ನಾನು ಕೊಡಲ್ಲ.

ದಿನಕ್ಕೆ 60 ನಿಮಿಷ ಮೈ ಬೆವರೋ ಆಟ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳ್ತದೆ. ಅದು ಟೈಮ್‌ಟೇಬಲ್‌ನಲ್ಲಿ ಪಿಟಿ ಪೀರಿಯಡ್ ಗಣಿತಕ್ಕೆ ಹೋಗದಿದ್ದರೆ ಅರ್ಧ ಆಯ್ತು. ಎರಡು ವರ್ಷದವರೆಗೆ ಕೂಸಿಗೆ ಸಕ್ಕರೆ ಬೇಡ. ಸಣ್ಣದಾಗಿ ಹುಟ್ಟಿದ ಕೂಸನ್ನ ಬೇಗ ದಪ್ಪ ಮಾಡೋ ಹಟಕ್ಕೆ ಬಿಸ್ಕೀಟು ಅದ್ದಿ ತಿನ್ನಿಸೋದಂತೂ ಬೇಡವೇ ಬೇಡ, ಆರು ತಿಂಗಳವರೆಗೆ ಎದೆಹಾಲು ಮಾತ್ರ, ಆಮೇಲೆ ಎದೆಹಾಲಿನ ಜೊತೆ ಮನೆಯ ಊಟ ಸಾಕು. ಬೆಳೆಯೋ ಮಕ್ಕಳನ್ನ ಉಪವಾಸ ಕೆಡವೋದು, ಯೂಟ್ಯೂಬ್ ನೋಡಿ ಕೀಟೋ ಮಾಡಿಸೋದು ಇನ್ನೊಂದು ತುದಿಯ ತಪ್ಪು. ಎಷ್ಟೋ ಮಕ್ಕಳಿಗೆ ತೂಕ ಇಳಿಸೋದಕ್ಕಿಂತ, ಎತ್ತರ ಬೆಳೆಯೋವಾಗ ತೂಕ ಅಲ್ಲೇ ನಿಲ್ಲಿಸೋದೇ ಡಾಕ್ಟರ ಗುರಿ ಆಗಿರ್ತದೆ. ಆಗ "ಉದ್ದ ಬೆಳದ ಮ್ಯಾಲೆ ಕರಗತೈತಿ" ಅನ್ನೋ ಮಾತು ಅರ್ಧ ನಿಜ ಆಗ್ತದೆ, ಉಳಿದರ್ಧ ನಾವು ಮಾಡಬೇಕು.

ಇವತ್ತಿಗೆ ಇಷ್ಟು. ನಿಮ್ಮ ಮನೆಯ ದಾರ ಕೂಡಿತೋ ಇಲ್ಲವೋ, ವಾಯ್ಸ್ ನೋಟ್ ಕಳಿಸಿ. ಮಕ್ಕಳದ್ದು ಅಳೆದ ಮೇಲೆ ಅದೇ ದಾರ ನಿಮ್ಮ ಸೊಂಟಕ್ಕೂ ಸುತ್ತಿ, ನಿಮ್ಮ ಎತ್ತರಕ್ಕೆ ಹೊಸದು ಕತ್ತರಿಸಿಕೊಂಡು. ಮುಂದಿನ ವಾರ ಸಿಗೋಣ.